ಕಲ್ಲು ಕಚ್ಚಿದ ಕೀಲು

ಮೊನ್ನೆ ಮೊಮ್ಮಗಳು ತನ್ನ ಹೊಸ ಮನೆಯ ಬಚ್ಚಲಿಗೆ ಗಾಜಿನ ಬಾಗಿಲು ಹಾಕಿಸುತ್ತೇನೆಂದು ನನ್ನನ್ನೂ ತುಮಕೂರಿನ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಮರೆಯಲ್ಲಿ ಸ್ನಾನ ಮಾಡಲು ಗಾಜಂತೆ! ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕುಳಿತಿದ್ದೆ. ಅಂಗಡಿಯಾತ ಕಾಗದ ಬಿಚ್ಚಿ ಒಂದು ಜೊತೆ ಕೀಲು ಮುಂದಿಟ್ಟ. ಹೊಸ ಲೋಹಕ್ಕೆ ಬಳಿದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. "ಗಾಜಿಗೆ ತೂತು ಕೊರೆಯೋದೇ ಬೇಡಮ್ಮ, ಅಂಚನ್ನ ಎರಡೂ ಕಡೆಯಿಂದ ಇದೇ ಹಿಡ್ಕೊಳ್ಳುತ್ತೆ" ಎಂದ, ತಾನೇ ಕಂಡುಹಿಡಿದವನ ಹಾಗೆ. ಅಂಥ ಕೀಲನ್ನು ನಾನು ಅರವತ್ತು ವರ್ಷದ ಹಿಂದೆಯೇ ಕಂಡಿದ್ದೆ... ಶಿರಾದಲ್ಲಿ, ಕಲ್ಲಿನ ಮೇಲೆ.

ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ಕೊರಟಗೆರೆಯಿಂದ ಶಿರಾದ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಹೋದಾಗ ನನಗೆ ಹತ್ತೊಂಬತ್ತು. ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. "ಒಗ್ಗದಿದ್ರೆ ಬಂದ್ಬುಡು, ಗಂಡು ನೋಡಿದೀನಿ" ಎಂದು ಹೇಳಿಯೇ ಬಸ್ಸು ಹತ್ತಿಸಿದ್ದರು. ಆ ಒಂದು ಮಾತಿಗಾಗಿಯೇ ಒಗ್ಗಿಸಿಕೊಳ್ಳಬೇಕೆಂಬ ಹಟ ನನ್ನದು. ಬಾಡಿಗೆ ಕೋಣೆ ಚೆನ್ನಾಗಿಯೇ ಸಿಕ್ಕಿತು. ಬಚ್ಚಲು ಮಾತ್ರ ಹಿತ್ತಲಲ್ಲಿತ್ತು. ಮೂರು ಕಡೆ ನೆಟ್ಟಗೆ ನಿಲ್ಲಿಸಿದ ಚಪ್ಪಡಿ ಕಲ್ಲು, ನಾಲ್ಕನೆಯ ಕಡೆ ಗೋಣಿತಾಟು, ಅದರಾಚೆ ಜನ ಓಡಾಡುವ ಓಣಿ. ಆ ಬಯಲುಸೀಮೆಯ ಗಾಳಿಗೆ ತಾಟು ನಿಲ್ಲುತ್ತಿರಲಿಲ್ಲ. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ತಾಟು. ಸೋಪು ಹಚ್ಚಿಕೊಳ್ಳಲು ದೇವರು ಮೂರನೆಯ ಕೈ ಕೊಟ್ಟಿರಲಿಲ್ಲ. ಎರಡು ತಿಂಗಳಲ್ಲಿ ಹಟವೆಲ್ಲ ಇಳಿಯಿತು. ಬಾಗಿಲಾಗದಿದ್ದರೆ ಕೆಲಸ ಬಿಟ್ಟು ಊರಿಗೆ ಹೋಗಿಬಿಡುವುದೆಂದು ತೀರ್ಮಾನಿಸಿದೆ.

ಮನೆಯೊಡತಿ ಅಜ್ಜಿ ಬೇಡವೆನ್ನಲಿಲ್ಲ. "ಹಾಕಿಸ್ಕೊ ಕಣಮ್ಮ. ಆದ್ರೆ ಅವು ನಮ್ಮ ಮಾವ ನಿಲ್ಸಿದ ಕಲ್ಲು. ಉಳಿ ಗಿಳಿ ತಾಕಿಸ್ಬುಟ್ಟೀಯ!" ಎಂದಳು. ಮರದ ಚೌಕಟ್ಟಿಗೆ ತಗಡು ಬಡಿದು ಬಾಗಿಲು ಮಾಡಿಕೊಟ್ಟ ಬಡಗಿ, ನಿಲ್ಲಿಸುವುದು ತನ್ನಿಂದಾಗದೆಂದು ಕೈಚೆಲ್ಲಿದ. ಕಂಬ ನೆಡೋಣವೆಂದರೆ ನೆಲವೆಲ್ಲ ಹಾಸುಬಂಡೆ. ಕಲ್ಲಿಗೆ ತೂತು ಹಾಕುವಂತಿಲ್ಲ. ಬಾಗಿಲು ಗೋಡೆಗೊರಗಿ ನಿಂತು ನನ್ನನ್ನು ಅಣಕಿಸತೊಡಗಿತು.

ಪೇಟೆಯಲ್ಲಿ ಕೀಲು, ಚಿಲಕ, ಬೀಗ ಮಾರುವ ಸಾಹೇಬರೊಬ್ಬರಿದ್ದರು. ಹಿಂದುಗಡೆಯೇ ಅವರ ಚಿಕ್ಕ ಕುಲುಮೆ. ನಾನು ಹೋದವಳೇ ಫಳಫಳ ಹೊಳೆಯುವ ಹಿತ್ತಾಳೆ ಕೀಲಿನ ಮೇಲೆ ಕೈಯಿಟ್ಟೆ. ಅವರು ತಲೆಯೆತ್ತದೆ, "ಅದು ಬ್ಯಾಡ. ಬಾಗಿಲು ಎಲ್ಲಿಗೆ?" ಎಂದರು. ಬಚ್ಚಲಿಗೆ ಎಂದೆ. ಅವರು ಇನ್ನೂ ತಲೆ ತಗ್ಗಿಸಿದರು. "ಹೆಂಗಸ್ರು ಸ್ನಾನ ಮಾಡೋ ಜಾಗಕ್ಕೆ ನಾನು ಬರೋ ಹಂಗಿಲ್ಲ. ನಮ್ಮ ಮನೆಯೋರು ಬಂದು ನೋಡ್ತಾರೆ." ದುಡ್ಡು ಕೊಡಲು ನಿಂತವಳಿಗೆ ಬೇಕಾದ ಸಾಮಾನು ಕೊಡದ ಅಂಗಡಿಯೂ ಒಂದು ಅಂಗಡಿಯೇ ಎಂದು ಬೈದುಕೊಳ್ಳುತ್ತ ಮನೆಗೆ ಬಂದೆ.

ಮಾರನೆಯ ಮಧ್ಯಾಹ್ನ ಅವರ ಹೆಂಡತಿ ಬಂದರು. ನಾನು ಅವರನ್ನು ಕೊನೆಯವರೆಗೂ ಆಪಾ ಎಂದೇ ಕರೆದೆ. ಅಕ್ಕ ಎಂದು ಅದರ ಅರ್ಥ. ಕಪ್ಪು ಬುರ್ಖಾ, ಕೈಯಲ್ಲೊಂದು ನೂಲಿನ ಉಂಡೆ. ಓದುಬರಹ ಬಾರದ ಅವರಿಗೆ ಆ ನೂಲೇ ಅಳತೆಪಟ್ಟಿ. ಕಲ್ಲಿನ ದಪ್ಪಕ್ಕೊಂದು ಗಂಟು, ಎತ್ತರಕ್ಕೊಂದು ಗಂಟು. ಆಮೇಲೆ ಬುರ್ಖಾ ತೆಗೆದು ಗೂಟಕ್ಕೆ ಹಾಕಿ, ಕಲ್ಲುಗಳ ನಡುವೆ ಹೋಗಿ ಕುಕ್ಕರಗಾಲಲ್ಲಿ ಕೂತು, ಚೊಂಬೂ ನೀರೂ ಇಲ್ಲದೆ ಬರಿಯ ಕೈಯಲ್ಲೇ ತಲೆಗೆ ನೀರು ಹುಯ್ದುಕೊಳ್ಳುವ ಹಾಗೆ ಮಾಡಿದರು! ನನಗೆ ನಗು ತಡೆಯಲಾಗಲಿಲ್ಲ. "ನಗಬ್ಯಾಡಿ ಟೀಚರಮ್ಮ, ಮೊಣಕೈ ಎಲ್ಲಿಗೆ ಬತ್ತದೆ ನೋಡ್ಬೇಕಲ್ಲ. ಒಳಕ್ಕೆ ಜಾಗ ಇಲ್ಲ, ಬಾಗಿಲು ಹೊರಕ್ಕೇ ತೆಗೀಬೇಕು" ಎಂದರು.

ವಾರದಲ್ಲಿ ಕೀಲು ಬಂತು. ಕಲ್ಲಿನ ಅಂಚನ್ನು ಎರಡೂ ಮಗ್ಗುಲಿಂದ ಕಚ್ಚಿ ಹಿಡಿಯುವ ಕಬ್ಬಿಣದ ಪಟ್ಟಿಗಳು, ಕಲ್ಲು ನೋಯದಂತೆ ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡು. ಆಪಾ ತಾವೇ ಕೂತು ಬೋಲ್ಟು ಬಿಗಿದು ಬಾಗಿಲು ನಿಲ್ಲಿಸಿದರು. ಹತ್ತು ದಿನ ನಾನು ಎರಡೂ ಕೈಯಲ್ಲಿ, ಹಾಡು ಹೇಳಿಕೊಂಡು ಸ್ನಾನ ಮಾಡಿದೆ.

ಆಷಾಢದ ಗಾಳಿ ಎದ್ದದ್ದು ಹನ್ನೊಂದನೆಯ ದಿನ. ಮುಖದ ತುಂಬ ಸೋಪು. ಗಾಳಿ ಒಮ್ಮೆಗೇ ಬಾಗಿಲನ್ನು ಎಳೆಯಿತು. ಚಿಲಕ ಕಿತ್ತು ಬಂತು. ಬಾಗಿಲು ಧಡಾರೆಂದು ಓಣಿಗೆ ತೆರೆದುಕೊಂಡಿತು. ಅತ್ತ ಯಾರೋ ಗಾಡಿ ಹೊಡೆದುಕೊಂಡು ಹೋಗುತ್ತಿದ್ದರು. ಅವರು ನೋಡಿದರೋ, ಮುಖ ತಿರುಗಿಸಿಕೊಂಡರೋ... ಕಣ್ಣು ಬಿಡಲಾಗದ ನನಗೇನು ಗೊತ್ತು? ಒದ್ದೆ ಸೀರೆ ಸುತ್ತಿಕೊಂಡು ಒಳಗೆ ಓಡಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಶಾಲೆಗೆ ಹೋಗಲಿಲ್ಲ. ರಾಜೀನಾಮೆ ಬರೆದು ಮಡಿಸಿಟ್ಟೆ. ನಿಮ್ಮ ಕೀಲು ನೀವೇ ಇಟ್ಟುಕೊಳ್ಳಿ ಎಂದು ಅಂಗಡಿಗೆ ಹೇಳಿಕಳಿಸಿದೆ.

ಆಪಾ ಏದುಸಿರು ಬಿಡುತ್ತ ಬಂದರು. ನನ್ನನ್ನು ಸಮಾಧಾನ ಮಾಡಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ, ಬುರ್ಖಾದ ಸೆರಗನ್ನು ಗಾಳಿಗೆ ಬಿಟ್ಟು ಅದು ಹಾರುವ ದಿಕ್ಕನ್ನು ನೋಡುತ್ತ ನಿಂತರು. "ತಪ್ಪು ನಂದೇ. ಗಾಳಿ ಇಲ್ದಾಗ ಬಂದು ಅಳತೆ ತಗೊಂಡ್ಬುಟ್ಟೆ. ಗಾಳಿ ಪಡುವಲಿಂದ ಬತ್ತದೆ, ಕೀಲು ಮೂಡಲ ಕಲ್ಲಿಗೆ ಹಾಕಿದೀನಿ. ಪಡುವಲ ಕಲ್ಲಿಗೆ ಹಾಕಿದ್ರೆ ಗಾಳಿನೇ ಬಾಗಿಲು ಮುಚ್ತದೆ" ಎಂದು ಆಗಲೇ ಬೋಲ್ಟು ಸಡಿಲಿಸಲು ಕೂತರು. ನಾನು ಬಿಗುಮಾನದಿಂದ, "ಬೇಡ ಆಪಾ, ನಾನು ಊರಿಗೆ ಹೋಗ್ತಿದೀನಿ" ಎಂದೆ.

ಅವರ ಕೈ ನಿಂತಿತು. "ನನ್ ಮಗಳು ನಾಕನೇ ಕ್ಲಾಸಿಗೇ ನಿಂತವಳೆ. ನಿಮ್ಮನ್ನ ನೋಡಿ ಮತ್ತೆ ಕಳಿಸಾನ ಅಂತಿದ್ದೆ" ಎಂದರು. ಮತ್ತೆ ಬೋಲ್ಟಿಗೆ ಕೈ ಹಾಕುತ್ತ, "ನಿಮ್ಮ ಇಸ್ಕೂಲಲ್ಲಿ ಹೆಣ್ಮಕ್ಕಳು ಹೋಗೋ ಜಾಗಕ್ಕೆ ಬಾಗಿಲೈತಾ?" ಎಂದು ಕೇಳಿದರು.

ಇರಲಿಲ್ಲ. ನನಗೊಂದು ಬಾಗಿಲಿಲ್ಲವೆಂದು ಊರು ಬಿಡಲು ಹೊರಟಿದ್ದ ನಾನು, ದಿನವೂ ಕಣ್ಣೆದುರಿಗಿದ್ದ ಶಾಲೆಯ ಪಾಯಿಖಾನೆಯ ಆ ನಾಲ್ಕು ಗೋಡೆಯನ್ನು ನೋಡಿಯೇ ಇರಲಿಲ್ಲ. ನಾವು ದೊಡ್ಡವರು ಸಂಜೆಯವರೆಗೆ ತಡೆದುಕೊಳ್ಳುತ್ತಿದ್ದೆವು. ಮಕ್ಕಳು ಗೋಡೆಯ ಹತ್ತಿರ ಒಬ್ಬಳನ್ನು ಕಾವಲು ನಿಲ್ಲಿಸಿ ಹೋಗುತ್ತಿದ್ದರು, ದೊಡ್ಡ ಹುಡುಗಿಯರು ಒಬ್ಬೊಬ್ಬರಾಗಿ ಶಾಲೆ ಬಿಡುತ್ತಿದ್ದರು. ಓದಿನಲ್ಲಿ ಮನಸ್ಸಿಲ್ಲ ಎಂದು ಹಾಜರಿ ಪುಸ್ತಕದಲ್ಲಿ ನಾನೇ ಬರೆಯುತ್ತಿದ್ದೆ. ಆಪಾ ಎದುರಿಗೆ ನನಗೆ ಆದ ನಾಚಿಕೆ ಬೆಳಗಿನ ನಾಚಿಕೆಗಿಂತ ದೊಡ್ಡದು. ಮಡಿಸಿಟ್ಟ ಕಾಗದ ಸಂಜೆ ಒಲೆಗೆ ಹೋಯಿತು.

ಹೆಡ್ಮಾಸ್ಟರರನ್ನು ಕಾಡಿ ಮುರಿದ ಬೆಂಚಿನ ಹಲಗೆ ಗಿಟ್ಟಿಸಿಕೊಂಡೆ. ಬಡಗಿ ಬಾಗಿಲು ಮಾಡಿದ, ಕೀಲು ಸಾಹೇಬರು ಕೊಟ್ಟರು. ಒಂದು ಭಾನುವಾರ, ಶಾಲೆಯಲ್ಲಿ ಯಾರೂ ಇಲ್ಲದಾಗ, ಆಪಾ ಮಗಳೊಂದಿಗೆ ಬಂದು ಅದನ್ನು ನಿಲ್ಲಿಸಿದರು. ಗಾಳಿಯ ದಿಕ್ಕನ್ನು ಈ ಸಲ ಮೊದಲೇ ನೋಡಿಕೊಂಡಿದ್ದರು. ಎಲ್ಲ ಮುಗಿದ ಮೇಲೆ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕೀಲು ಸಿಕ್ಕಿಕೊಂಡಿತೇನೋ ಎಂದು ಗಾಬರಿಯಿಂದ ಕೂಗಿದೆ. ಬಾಗಿಲು ತೆರೆದು ಬಂದವರು ಚಿಕ್ಕ ಹುಡುಗಿಯ ಹಾಗೆ ನಕ್ಕರು. "ಏನಿಲ್ಲ ಟೀಚರಮ್ಮ. ಒಳಗಿಂದ ಚಿಲಕ ಹಾಕ್ಕೊಂಡು ನಿಂತ್ರೆ ಹೆಂಗಿರ್ತದೆ ಅಂತ ನೋಡ್ದೆ."

ಆ ಮಗಳು ಸೋಮವಾರವೇ ಶಾಲೆಗೆ ಬಂದಳು. ಬಿಟ್ಟುಹೋದವರಲ್ಲಿ ಇನ್ನೂ ಕೆಲವರು ಹಿಂದೆಯೇ ಬಂದರು. ನಾನು ಕೆಲಸ ಬಿಡಲಿಲ್ಲ. ಮುಂದೆ ಪಾವಗಡ, ಮಧುಗಿರಿ ಎಂದು ಎಲ್ಲಿಗೆ ವರ್ಗವಾದರೂ ಶಾಲೆಯಲ್ಲಿ ಮೊದಲು ನೋಡುತ್ತಿದ್ದುದು ಆ ಬಾಗಿಲನ್ನೇ. ಎಷ್ಟೋ ವರ್ಷದ ಮೇಲೆ ಮಧುಗಿರಿಯಲ್ಲಿ ನರ್ಸಮ್ಮನಾಗಿದ್ದ ಆಪಾ ಮಗಳು ನನ್ನನ್ನು ಹುಡುಕಿಕೊಂಡು ಬಂದು, ಅಮ್ಮ ಹೋಗಿ ಆರು ತಿಂಗಳಾಯಿತು ಎಂದಳು. ಒಮ್ಮೆ ಹೋಗಿ ನೋಡಿ ಬರಬೇಕೆಂದು ಅಂದುಕೊಳ್ಳುತ್ತಲೇ ಇದ್ದವಳು ನಾನು...

"ಯಾವುದು ತಗೊಳ್ಳೋಣ ಅಜ್ಜಿ?" ಮೊಮ್ಮಗಳು ಕೇಳುತ್ತಿದ್ದಳು. ಗಟ್ಟಿಯಾದದ್ದನ್ನೇ ತೋರಿಸಿದೆ. ಅವಳು ಅದನ್ನು ಸಂತೋಷದಿಂದ ಚೀಲಕ್ಕೆ ಹಾಕಿಸಿಕೊಂಡಳು, ನನಗೂ ಸಂತೋಷವೇ ಆಯಿತು. ಆದರೆ ಕಾರಿನಲ್ಲಿ ಕೂತ ಮೇಲೆ ಆ ಭಾನುವಾರದ ನಗು ಮತ್ತೆ ಮತ್ತೆ ಕಿವಿಗೆ ಬಂತು. ಊರಿಗೆಲ್ಲ ಕೀಲು ಕೊಟ್ಟ ಮನೆಯವರು ಅವರು. ನಿಮ್ಮ ಬಚ್ಚಲಿಗೆ ಬಾಗಿಲಿದೆಯಾ ಆಪಾ ಎಂದು ಆಗ ನಾನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.