ಕಾಯೋ ಮೇಡಂ

ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ಬಲಕ್ಕೆ ಹೋಗುತ್ತಾ ಹೋಗುತ್ತಾ ಮೇಲೆ ಹತ್ತುತ್ತದೆ. ಮಾತುಗಳೂ ಸರಿಯಾದ ಜಾಗದಲ್ಲಿ ಕೂತಿರಲಿಕ್ಕಿಲ್ಲ. ಓದುವವರು ಮನ್ನಿಸಬೇಕು. ಎಂಟನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು ನಾನು. ಆದ್ದರಿಂದ ಪ್ರತಿ ವಾಕ್ಯವನ್ನೂ ಮೊದಲು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ನೋಡಿ, ಆಮೇಲೆ ಇಲ್ಲಿಗೆ ಇಳಿಸುತ್ತಿದ್ದೇನೆ.

ನಾನು ಬರೆಯಹೊರಟಿರುವುದು ನಮಗೆ ಭಾಷೆ ಕಲಿಸುತ್ತಿದ್ದ ಮೇಡಂ ಬಗ್ಗೆ. ಶಾಲೆಯಲ್ಲಿ ಎಲ್ಲರೂ ಅವರನ್ನು ‘ಕಾಯೋ ಮೇಡಂ’ ಎನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. ಪಾಠ ಓದಿಸುವಾಗ ಒಂದು ತುಂಡು ಸೀಮೆಸುಣ್ಣವನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸುತ್ತಿದ್ದರು. ಅದು ನಿಂತಿರುವಷ್ಟು ಹೊತ್ತು, ಓದುತ್ತಿರುವ ಮಗುವಿನ ಹೊರತು ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ. ಸಾಲು ಮುಗಿದ ಮೇಲೆ ಅದನ್ನು ಮಲಗಿಸುತ್ತಿದ್ದರು. ಬೆಂಚಿನ ಸಾಲಿನಲ್ಲಿ ಯಾರನ್ನೂ ಬಿಟ್ಟು ಮುಂದೆ ಹೋಗುತ್ತಿರಲಿಲ್ಲ.

ನಾನು ಉಗ್ಗುತ್ತೇನೆ. ಮೊದಲಕ್ಷರ ಗಂಟಲಲ್ಲೇ ಕೂತುಬಿಡುತ್ತದೆ. ಅವರ ತರಗತಿಗೆ ಹೊಸದಾಗಿ ಬಂದಾಗ, ನಾನು ಓದಲು ಎದ್ದ ತಕ್ಷಣ ಹಿಂದಿನ ಬೆಂಚಿನಿಂದ ಒಬ್ಬ, “ಮೇಡಂ, ಇವಳದ್ದು ನೆಟ್‌ವರ್ಕ್ ಇಲ್ಲ!” ಎಂದ. ಎಲ್ಲರೂ ನಕ್ಕರು. ಮೇಡಂ ಬೈಯಲಿಲ್ಲ. “ಇಲ್ಲದಿದ್ರೆ ಬರೋವರೆಗೂ ಕಾಯೋಣ. ನಮಗೇನು ರೈಲು ಹಿಡಿಯೋದಿದೆಯಾ?” ಎಂದು ಸೀಮೆಸುಣ್ಣ ನಿಲ್ಲಿಸಿದರು. ಅವತ್ತು ನಾನು ಒಂದು ಇಡೀ ಸಾಲು ಓದಿದೆ. ಮನೆಗೆ ಹೋಗಿ ಅಮ್ಮನಿಗೂ ಓದಿ ತೋರಿಸಿದೆ. ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಮರೆತು, ಯಾರದೋ ಅಂಗಿಯ ತೋಳು ಕಂದಿಸಿಬಿಟ್ಟಳು.

ಮೇಡಂ ತಮ್ಮ ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದರು. ಅಕ್ಕನಿಗೆ ಮಂಡಿನೋವು, ಆದರೆ ನಾಲಿಗೆಗೆ ಯಾವ ನೋವೂ ಇರಲಿಲ್ಲ. ಮೇಡಂ ಕೆಲಸಕ್ಕೆ ಸೇರಿದ ಕಾಲದಲ್ಲಿ ಹನ್ನೆರಡನೇ ತರಗತಿ ಪಾಸಾಗಿದ್ದರೆ ಸಾಕಿತ್ತಂತೆ. ನಾನು ಆರನೇ ತರಗತಿಯಲ್ಲಿದ್ದಾಗ ನಿಯಮ ಬದಲಾಯಿತು. ಪಾಠ ಮಾಡುವವರೆಲ್ಲರೂ ಎರಡು ವರ್ಷದೊಳಗೆ ಅರ್ಹತಾ ಸರ್ಟಿಫಿಕೇಟ್ ಪಡೆಯಬೇಕು, ಇಲ್ಲದಿದ್ದರೆ ಕೆಲಸ ಇಲ್ಲ. ಆ ನಿಯಮ ಕೆಟ್ಟದ್ದು ಎನ್ನುವಷ್ಟು ತಿಳಿವಳಿಕೆ ನನಗಿಲ್ಲ. ಲೆಕ್ಕದ ಮೇಷ್ಟ್ರೊಬ್ಬರು ಪಾಠದ ಹೊತ್ತಿನಲ್ಲಿ ನಿದ್ದೆ ಹೊಡೆಯುತ್ತಿದ್ದರು. ಅವರು ಹೋದದ್ದು ನಮಗೆ ಒಳ್ಳೆಯದೇ ಆಯಿತು.

ಮೇಡಂ ಓದಲು ಕೂತರು. ನಾನು ನೋಟ್‌ಬುಕ್ಕು ತಲುಪಿಸಲು ಅವರ ಮನೆಗೆ ಹೋದಾಗಲೆಲ್ಲ ಅಕ್ಕ ಪ್ರಶ್ನೆ ಕೇಳುತ್ತಿದ್ದರು, ಮೇಡಂ ಉತ್ತರಕ್ಕೆ ತಡಕಾಡುತ್ತಿದ್ದರು. “ನೋಡಮ್ಮ, ನಿಮ್ಮ ಮೇಡಂಗೆ ಬೆಂಚಿನ ಮೇಲೆ ನಿಲ್ಲಿಸೋ ಶಿಕ್ಷೆ ಕೊಡಬೇಕು ಇವತ್ತು,” ಎಂದು ಅಕ್ಕ ನನಗೆ ಹೇಳುತ್ತಿದ್ದರು. “ನೀನೂ ಸ್ವಲ್ಪ ಕಾಯೋದು ಕಲಿ, ಅಕ್ಕ,” ಎಂದು ಮೇಡಂ ನಗುತ್ತಿದ್ದರು. ಬರೆಯುವ ಪರೀಕ್ಷೆ ಮೊದಲ ಸಲ ಹೋಯಿತು. ಎರಡನೇ ಸಲ ಪಾಸಾಯಿತು. ಅಷ್ಟರಲ್ಲಿ ಗಡುವು ಹತ್ತಿರ ಬಂದಿತ್ತು. ಉಳಿದದ್ದು ಒಂದೇ: ಇಬ್ಬರು ಪರೀಕ್ಷಕರ ಮುಂದೆ, ನಮ್ಮ ಏಳನೇ ತರಗತಿಗೆ ಒಂದು ಪಾಠ. ಪಾಠಕ್ಕೆ ಐದು ಹಂತ, ಐದೂ ಒಂದೇ ಪೀರಿಯಡ್ಡಿನಲ್ಲಿ ಮುಗಿಯಬೇಕು.

ಹಿಂದಿನ ದಿನ ನಾನು ನೋಟ್‌ಬುಕ್ಕುಗಳನ್ನು ಹೊತ್ತು ಆಫೀಸಿನ ಬಾಗಿಲಿಗೆ ಬಂದಾಗ ಹೆಡ್‌ಮೇಷ್ಟ್ರ ದನಿ ಕೇಳಿಸಿತು.

“ಆ ಹುಡುಗಿ ಒಂದಿನ ಮನೇಲಿದ್ರೆ ಆಕಾಶ ಕಳಚಿ ಬೀಳುತ್ತಾ ಮೇಡಂ? ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

“ಆಕಾಶ ಬೀಳಲ್ಲ ಸಾರ್. ಆದ್ರೆ ಮಾರನೇ ದಿನ ಅವಳ ಮುಖ ನಾನು ಹೇಗೆ ನೋಡ್ಲಿ?”

ನನ್ನಿಂದ ಅವರಿಗೆ ತೊಂದರೆಯಾಗಬಾರದು ಎಂದು ನಾನೇ ತೀರ್ಮಾನಿಸಿದೆ. ಬೆಳಿಗ್ಗೆ ಹೊಟ್ಟೆನೋವೆಂದು ಹೊದ್ದು ಮಲಗಿದೆ. ಶಾಲೆಗೆ ಹೋಗುವ ದಾರಿಯಲ್ಲಿ ಮೇಡಂ ನಮ್ಮ ಬಾಗಿಲಿಗೇ ಬಂದರು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಅದನ್ನು ಇಸ್ತ್ರಿ ಮಾಡಿದ್ದು ಅಮ್ಮನೇ, ಅದೂ ಎರಡೆರಡು ಸಲ.

“ಹೊಟ್ಟೆನೋವಾ? ನನಗೂ ಇದೆ, ರಾತ್ರಿಯಿಂದ. ನಡಿ, ಇಬ್ಬರೂ ಒಟ್ಟಿಗೆ ನೋಯಿಸ್ಕೊಳ್ಳೋಣ,” ಎಂದರು.

ನಾನು ಹೋದೆ.

ಪಾಠ ಮರಗಳ ಬಗ್ಗೆ ಇತ್ತು. ಪರೀಕ್ಷಕರು ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಓದು ಸಾಲಾಗಿ ಬಂದು ನನಗೆ ಮುಟ್ಟಿತು. ‘ಬೇರುಗಳು ನೀರನ್ನು ಹುಡುಕುತ್ತಾ ಹೋಗುತ್ತವೆ.’ ಇಷ್ಟೇ. ‘ಬೇ’ ಬರಲಿಲ್ಲ. ಮೇಡಂ ಸೀಮೆಸುಣ್ಣ ನಿಲ್ಲಿಸಿದ್ದರು. ಹಿಂದಿನ ಬೆಂಚಿನ ಆ ನೆಟ್‌ವರ್ಕಿನ ಹುಡುಗ ಕೂಡ ಉಸಿರು ಬಿಗಿಹಿಡಿದಿದ್ದ. ಆಗ ಪರೀಕ್ಷಕರೊಬ್ಬರು ಗಡಿಯಾರ ನೋಡಿ, “ಪರವಾಗಿಲ್ಲ ಮೇಡಂ, ಮುಂದಿನವರು ಓದ್ಲಿ,” ಎಂದರು.

ಮೇಡಂ ತಿರುಗಿಯೂ ನೋಡಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, “ಶ್! ಸೀಮೆಸುಣ್ಣ ನಿಂತಿದೆ, ಕಾಣಲ್ವಾ?” ಎಂದುಬಿಟ್ಟರು, ನಮಗೆ ಹೇಳುವ ಹಾಗೆಯೇ.

ಆಮೇಲೆ ಯಾರಿಗೆ ಹೇಳಿದೆ ಎಂದು ಅವರಿಗೆ ಹೊಳೆಯಿತು. ಕಿವಿಯವರೆಗೂ ಕೆಂಪಾದರು. ಆದರೂ ಸೀಮೆಸುಣ್ಣ ಮಲಗಿಸಲಿಲ್ಲ. ನಾನು ಕೊನೆಗೆ ಪೂರ್ತಿ ಸಾಲು ಓದಿದೆ. ಅವರು ನನ್ನನ್ನು ನೋಡಿ ತಲೆಯಾಡಿಸಿದರು. ನಾಲ್ಕನೇ ಹಂತ ಶುರುವಾಗುವಾಗ ಗಂಟೆ ಹೊಡೆಯಿತು.

ಫಲಿತಾಂಶ ಬಂದಾಗ ಮೇಡಂ ಹೆಸರು ಇರಲಿಲ್ಲ. ವರ್ಷದ ಕೊನೆಯವರೆಗೆ ಪಾಠ ಮಾಡಿ ಹೋದರು. ಕೊನೆಯ ದಿನವೂ ಬೆಂಚಿನ ಸಾಲಿನಲ್ಲೇ ಓದಿಸಿದರು. ಏನಾದರೂ ಹೇಳಬೇಕೆಂದು ನಾನು ಎದ್ದು ನಿಂತೆ. ಅಳು ಬಂದುಬಿಟ್ಟಿತು. ಅಳು ಬಂದರೆ ನನಗೆ ಒಂದಕ್ಷರವೂ ಹೊರಡುವುದಿಲ್ಲ.

ಎಂಟನೇ ತರಗತಿಗೆ ಸರ್ಟಿಫಿಕೇಟ್ ಇರುವ ಹೊಸ ಮೇಷ್ಟ್ರು ಬಂದರು. ಅವರು ಕೆಟ್ಟವರಲ್ಲ, ಚೆನ್ನಾಗಿಯೇ ಪಾಠ ಮಾಡುತ್ತಾರೆ. ಮೊದಲ ದಿನ ನಾನು ತಡವರಿಸಿದಾಗ, “ಪಾಪ, ಕೂತ್ಕೋಮ್ಮ, ಕಷ್ಟಪಡಬೇಡ,” ಎಂದು ಆ ಸಾಲನ್ನು ತಾವೇ ಓದಿ ಮುಗಿಸಿದರು. ಮತ್ತೆಂದೂ ನನ್ನನ್ನು ಎಬ್ಬಿಸಲಿಲ್ಲ. ಹಾಜರಿ ಕೂಗುವಾಗ ನನ್ನ ಬಾಯಿಂದ ‘ಬಂದಿದೀನಿ ಸಾರ್’ ಹೊರಡುವುದರೊಳಗೆ ಮುಂದಿನ ಹೆಸರಿಗೆ ಹೋಗಿರುತ್ತಿದ್ದರು. ಪಕ್ಕದವಳು ಕೂಗಿ ಹೇಳಿದರೆ ಹಾಜರಿ, ಅವಳು ರಜೆ ಹಾಕಿದರೆ ನಾನೂ ರಜೆ. ಇದ್ದೂ ಇಲ್ಲದ ಹಾಗೆ ಎಷ್ಟು ದಿನ ಕೂತಿರುವುದು? ನಾನು ಹೋಗುವುದನ್ನು ನಿಲ್ಲಿಸಿದೆ. ಅಮ್ಮ ಬೈದಳು, ಅತ್ತಳು, ಆಮೇಲೆ ಇಸ್ತ್ರಿ ಹಿಡಿಯಲು ಕಲಿಸಿದಳು.

ಮೇಡಂ ಈಗ ಮುಖ್ಯರಸ್ತೆಯ ಗುಂಡಿ, ದಾರ, ಲೇಸು ಮಾರುವ ಅಂಗಡಿಯಲ್ಲಿದ್ದಾರೆ ಎಂದು ಕಳೆದ ವಾರ ಗೊತ್ತಾಯಿತು. ಗಿರಾಕಿಯ ಅಂಗಿಗೆ ಗುಂಡಿ ಬೇಕಿತ್ತು, ನಾನೇ ತರುತ್ತೇನೆಂದು ಹೊರಟೆ. ‘ಶಾಲೆ ಬಿಟ್ಟೆ ಮೇಡಂ’ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದೆ. ಅವರಿಗೆ ಹೇಳದೆ ಬಿಟ್ಟದ್ದು ನನ್ನನ್ನು ಕೊರೆಯುತ್ತಿತ್ತು.

ಅಂಗಡಿಯಲ್ಲಿ ಜನ ಮುಗಿಬಿದ್ದಿದ್ದರು. “ಬೇಗ ಬೇಗ ಕೊಡಮ್ಮ, ಕೈ ಆಡಿಸು!” ಎಂದು ಮಾಲೀಕ ಮೇಡಂಗೆ ಕೂಗುತ್ತಿದ್ದ. ಅವರು ಬಗ್ಗಿ ಗುಂಡಿಯ ಡಬ್ಬಿ ತೆಗೆಯುತ್ತಲೇ ನನ್ನನ್ನು ನೋಡಿದರು. ಮುಖ ಅರಳಿತು.

“ಮೇಡಂ, ಶಾ... ಶಾ...” ಎಂದೆ.

“ಶಾಲೆಗೆ ಹೊರಟೆಯಾ? ಹೋಗು ಮಗು, ಹೋಗು, ತಡವಾಗುತ್ತೆ,” ಎಂದು ಗುಂಡಿಯ ಪೊಟ್ಟಣ ನನ್ನ ಕೈಗಿಟ್ಟರು. ಆಗಲೇ ಅವರ ಕಣ್ಣು ನನ್ನ ಹಿಂದಿದ್ದವರ ಕಡೆ ಹೋಗಿತ್ತು.

ಮೇಡಂ ನನ್ನ ಮಾತನ್ನು ಪೂರ್ತಿ ಮಾಡಿದ್ದು ಅದೇ ಮೊದಲು. ನಾನು ಹೂಂ ಎಂದು ತಲೆಯಾಡಿಸಿ ಬಂದೆ. ಅವರ ಮುಖದ ಆ ಸಂತೋಷ ನೋಡಿದ ಮೇಲೆ ಬೇರೇನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಮನೆಗೆ ಬಂದು ಗುಂಡಿ ಹೊಲಿಯುವಾಗ ಸೂಜಿಯ ಕಣ್ಣು ಕಾಣಿಸುತ್ತಿರಲಿಲ್ಲ. ಅಮ್ಮನೇ ದಾರ ಪೋಣಿಸಿಕೊಟ್ಟಳು.

ಭಾನುವಾರ ಅಂಗಡಿಗೆ ರಜೆ. ಬೆಳಿಗ್ಗೆ ಅವರ ಮನೆಗೆ ಹೋಗಿ, ನಾನು ಶಾಲೆ ಬಿಟ್ಟಿದ್ದೇನೆ ಎಂದು ಹೇಳುತ್ತೇನೆ.