ಅಂಬಣ್ಣನ ಪಾಸು ರಿಜೆಕ್ಟು

ಸಿಕಂದರಾಬಾದಿನ ಆಚೆ ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಅಂಬಣ್ಣ ಮೂವತ್ಮೂರು ವರ್ಷ ಮಾಡಿದ್ದು ಒಂದೇ ಕೆಲಸ, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಫೈನಲ್ ಇನ್‌ಸ್ಪೆಕ್ಷನ್ ಅಂತ ಅದಕ್ಕೆ ಹೆಸರು. ಜೋಡಣೆಯ ಸಾಲಿನ ಕೊನೆಗೆ ಬಂದು ನಿಂತ ಪೆಟ್ಟಿಗೆಯನ್ನು ತಿರುವಿ ನೋಡಿ, ಕರೆಂಟು ಹಾಯಿಸಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟಬೇಕು. ಮ್ಯಾನೇಜರ್ ಬಂದು ಕೈ ಮುಗಿದರೂ, ಯೂನಿಯನ್ನಿನವರು ಬಂದು ತೋಳು ಏರಿಸಿದರೂ ಚೀಟಿಯ ಬಣ್ಣ ಬದಲಾಗುತ್ತಿರಲಿಲ್ಲ. ಇಂಥವನ ಜೊತೆ ಸಂಸಾರ ಮಾಡುವುದು ಹುಡುಗಾಟವಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ವಿಶಾಲಾಕ್ಷಿ ಮಾಡಿದ ಹೋಳಿಗೆಯನ್ನು ಮುರಿದು ನೋಡಿ, "ಅಂಚು ದಪ್ಪ ಆಗ್ಯಾವ, ರಿಜೆಕ್ಟ್" ಅಂದಿದ್ದ ಮಹಾರಾಯ. ಆಕೆ ಬುಟ್ಟಿ ಎತ್ತಿಕೊಂಡು ಹೋಗಿ ಪಕ್ಕದ ಮನೆಯ ತೆಲುಗರಿಗೆ ಅಷ್ಟನ್ನೂ ಕೊಟ್ಟು ಬಂದಳು. ಅವತ್ತಿನಿಂದ ಅಡುಗೆಮನೆ ಮಾತ್ರ ಅಂಬಣ್ಣನ ತಪಾಸಣೆಯಿಂದ ಪಾರಾಯಿತು.

ಇಂಥ ಅಂಬಣ್ಣ ಅರವತ್ತೆಂಟನೆಯ ವಯಸ್ಸಿಗೆ ಮೊದಲ ಸಲ ಒಂದು ಸುಳ್ಳು ಚೀಟಿ ಕಟ್ಟಿದ. ಕಟ್ಟಿದ್ದು ಹೆಂಡತಿಗೆ.

ಯುಗಾದಿ ಆದ ವಾರ. ವಿಶಾಲಾಕ್ಷಿಯ ಕಣ್ಣು ಹಳದಿಯಾಗಿದ್ದವು. ಸಿಕಂದರಾಬಾದಿನ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯ ಸ್ಕ್ಯಾನ್ ಆಯಿತು. ಡಾಕ್ಟರು ಅಂಬಣ್ಣನೊಬ್ಬನನ್ನೇ ಒಳಗೆ ಕರೆದು, ಪಿತ್ತಕೋಶದಲ್ಲಿ ಕ್ಯಾನ್ಸರು, ಆಗಲೇ ಲಿವರಿಗೆ ಹಬ್ಬಿದೆ, ಒಂದು ನಳಿಗೆ ಹಾಕಿದರೆ ಕಾಮಾಲೆ ಇಳಿಯುತ್ತದೆ, ಅದಕ್ಕಿಂತ ಹೆಚ್ಚು ಮಾಡುವುದೇನೂ ಉಳಿದಿಲ್ಲ, ಆರು ತಿಂಗಳು ಅಂದುಕೊಳ್ಳಿ ಅಂದರು. ಸೊಲ್ಲಾಪುರದಲ್ಲಿ ಮಾಸ್ತರಿಕೆ ಮಾಡುವ ಮಗಳು ಹರ್ಷದಾ ಫೋನಿನಲ್ಲಿ ಗೋಳೋ ಅಂತ ಅತ್ತಳು. "ಅವ್ವಗ ಹೇಳಬ್ಯಾಡ ಅಪ್ಪಾ. ಗೊತ್ತಾದರ ಆಕಿ ನಾಳೆನೇ ಎದಿ ಒಡಕೊಂಡು ಹೋಗ್ತಾಳ."

ಅಂಬಣ್ಣ ಮುಖ ಒರೆಸಿಕೊಂಡು ವಾರ್ಡಿಗೆ ಹೋದ. "ಕಾಮಾಲಿ ಅಂತ ವಿಶಾಲಿ. ಪಿತ್ತದ ಚೀಲಕ್ಕ ಬಾವು ಬಂದೈತಿ. ನಳಿಗಿ ಹಾಕ್ತಾರ, ಇಳೀತೈತಿ."

ಆಕೆ ಅವನ ಮುಖವನ್ನೇ ನೋಡಿದಳು. "ಹೌದ್ರೀ?" ಅಂದಳು. ಅಷ್ಟೇ.

ಮನೆಗೆ ಬಂದ ಮೇಲೆ ಮಂಚವನ್ನು ಟಿವಿಯ ಎದುರಿಗೆ ಎಳೆದು ಹಾಕಿದರು. ಹಗಲೆಲ್ಲ ತೆಲುಗು ಧಾರಾವಾಹಿ. ಒಂದು ದಿನ ಅದರ ಸೊಸೆಗೆ ಮೂರನೆಯ ಸಲ ನೆನಪು ಹಾರಿಹೋಯಿತು. ವಿಶಾಲಾಕ್ಷಿ ರಿಮೋಟನ್ನು ಗಂಡನ ತೊಡೆಯ ಮೇಲೆ ಒಗೆದಳು.

"ಇದು ಮುಗಿಯೂದು ಯಾವಾಗರೀ? ಒಂಬತ್ತು ವರ್ಷ ಆತು ನೋಡಾಕತ್ತು. ಒಂದು ಮುಗಿಯೂ ಕತಿ ಹಚ್ರಿ ನನಗ."

ಬೇರೆ ಯಾವ ಹೆಂಗಸು ಅಂದಿದ್ದರೂ ಅದು ಸುಮ್ಮನೆ ಒಂದು ಮಾತು. ಅಂಬಣ್ಣ ಮಾತ್ರ ಉಳಿದ ತಿಂಗಳು ಎಣಿಸಿದ. ಆವತ್ತೇ ಮಗಳಿಗೆ ಫೋನು ಮಾಡಿದ. ಹರ್ಷದಾಳ ಶಾಲೆಯ ಮಕ್ಕಳೆಲ್ಲ ಜಪಾನಿನ ಕಾರ್ಟೂನು, ಆನಿಮೆ ಅಂತಾರೆ, ಅದರ ಮಾತೇ ಆಡುತ್ತಿದ್ದವಂತೆ. ಹನ್ನೆರಡು ಕಂತು, ಇಪ್ಪತ್ತನಾಲ್ಕು ಕಂತು, ಆಮೇಲೆ ಮುಗಿದೇ ಹೋಗುತ್ತದೆ, ಹಿಂದಿಯಲ್ಲಿ ಮಾತಾಡಿಸಿದ್ದೂ ಸಿಗುತ್ತದೆ ಅಂದಳು. ಟಿವಿಗೆ ಅದನ್ನು ಹೊಂದಿಸುವುದನ್ನೂ ಫೋನಿನಲ್ಲೇ ಹೇಳಿಕೊಟ್ಟಳು.

ಅರವತ್ತಮೂರರ ಹೆಂಗಸು ಜಪಾನಿನ ಚಿತ್ರದ ಬೊಂಬೆಗಳನ್ನು ನೋಡುತ್ತ ಕೂತಳು ಅಂದರೆ ನಗಬೇಡಿ. ಎರಡು ದಿನದಲ್ಲಿ ಆಕೆಗೆ ಅದರ ಹುಚ್ಚು ಹಿಡಿಯಿತು. ಆದರೆ ಮೊದಲನೆಯ ಕತೆಯೇ ಕೈಕೊಟ್ಟಿತು. ಅಪ್ಪನನ್ನು ಹುಡುಕಿಕೊಂಡು ಹೊರಟ ಕತ್ತಿವರಸೆಯ ಹುಡುಗ ಹನ್ನೆರಡನೆಯ ಕಂತಿನ ಕೊನೆಗೆ ಹಡಗು ಹತ್ತಿದ. ಅಪ್ಪ ಸಿಗಲಿಲ್ಲ. ಮುಂದಿನ ಭಾಗ ಬರಲೇ ಇಲ್ಲ, ಬರುವ ಸುದ್ದಿಯೂ ಇಲ್ಲ ಅಂತ ಹರ್ಷದಾ ವಿಚಾರಿಸಿ ಹೇಳಿದಳು.

"ತೋಳು ಹಚ್ಚಲಾರದ ಕುಪ್ಪಸ ಕೊಟ್ಟಂಗಾತು" ಅಂತ ವಿಶಾಲಾಕ್ಷಿ ಸಿಟ್ಟಾದಳು. "ನೀವು ಮೊದಲ ನೋಡಿ ಪಾಸ್ ಮಾಡ್ರಿ. ಪಾಸ್ ಆದದ್ದಷ್ಟ ನನಗ ತೋರಸ್ರಿ. ಏನಾಗತೈತಿ ಅಂತ ಹೇಳಬ್ಯಾಡ್ರಿ ಮತ್ತ. ಚಂದ ಮುಗೀತೈತೋ ಇಲ್ಲೋ, ಅಷ್ಟ."

ಹೀಗೆ ಅಂಬಣ್ಣನಿಗೆ ಮತ್ತೆ ನೌಕರಿ ಸಿಕ್ಕಿತು. ಆಕೆ ಮಧ್ಯಾಹ್ನ ಮಲಗಿದಾಗ ಫೋನಿನಲ್ಲಿ ಒಂದೊಂದು ಕತೆಯ ಕೊನೆಯ ಕಂತು ನೋಡುವನು. ಕೊನೆಯದು ಮಾತ್ರ. ಸಾಲಿನ ಕೊನೆಗೆ ನಿಂತು ನೋಡಿಯೇ ಬದುಕಿದವನು, ನಡುವೆ ಯಾರು ಎಲ್ಲಿ ಸ್ಕ್ರೂ ತಿರುವಿದರು ಅನ್ನುವುದು ಅವನಿಗೆ ಎಂದೂ ಬೇಕಾಗಿರಲಿಲ್ಲ. ಗಂಟು ಬಿಚ್ಚಿದರೆ ಪಾಸು, ಮುಂದಿನ ಸೀಸನ್ನಿನಲ್ಲಿ ನೋಡಿ ಅಂದರೆ ರಿಜೆಕ್ಟು. ಎಲ್ಲಾ ಕನಸು ಅಂತ ತೋರಿಸಿದ್ದಕ್ಕೂ ರಿಜೆಕ್ಟು. ಸತ್ತ ಯಜಮಾನನ ಖಾನಾವಳಿಯನ್ನು ಇಬ್ಬರು ಮುದುಕಿಯರು ನಡೆಸುವ ಒಂದು ಕತೆ ಇತ್ತು. ಕೊನೆಯ ಕಂತಿನಲ್ಲಿ ಅವರು ಪಾತ್ರೆ ತೊಳೆದು, ಬಾಗಿಲು ಹಾಕಿ, ಬೇರೆ ಬೇರೆ ದಿಕ್ಕಿಗೆ ನಡೆದು ಹೋಗುತ್ತಾರೆ. ಅಂಬಣ್ಣ ಅನುಮಾನದಿಂದಲೇ ಪಾಸು ಮಾಡಿದ. ವಿಶಾಲಾಕ್ಷಿ ಅದನ್ನು ನೋಡಿ ಮುಗಿಸಿ ರಿಮೋಟು ಕೆಳಗಿಟ್ಟಳು. "ಇದು ಭಾಳ ಚಲೋ ಮುಗೀತ್ರೀ. ಹೇಳೂದೆಲ್ಲಾ ಹೇಳಿ ಹೋದರು" ಅಂದಳು.

ಆಕೆಗೆ ಹೇಳುವುದಿತ್ತು, ಹೋಗುವುದಿತ್ತು. ಹುಮನಾಬಾದಿನಲ್ಲಿ ಅಕ್ಕ ಬಸಲಿಂಗಮ್ಮ ಇದ್ದಳು. ತಾಯಿ ಸತ್ತಾಗ ನಾಲ್ಕು ವರ್ಷದ ವಿಶಾಲಾಕ್ಷಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಸಕ್ಕರೆ ಕಾಯಿಲೆ ಎರಡು ವರ್ಷದ ಕೆಳಗೆ ಅವಳ ಕಣ್ಣು ತಿಂದುಹಾಕಿತ್ತು, ಕಿವಿ ಅದಕ್ಕೂ ಮೊದಲೇ ಹೋಗಿತ್ತು. ಫೋನು ಮಾಡಿದರೆ ಕೇಳುವುದಿಲ್ಲ, ವಿಡಿಯೋ ಮಾಡಿದರೆ ಕಾಣುವುದಿಲ್ಲ. ಎದುರಿಗೆ ಕೂತು ಕೈ ಕೊಟ್ಟರೆ ಬೆರಳು ಸವರಿ ಗುರುತು ಹಿಡಿಯುತ್ತಾಳಂತೆ.

"ಒಮ್ಮೆ ಅಕ್ಕನ ಕಡೆ ಹೋಗಿ ಬರೂಣೇನ್ರಿ?" ಮೇ ತಿಂಗಳಲ್ಲಿ ವಿಶಾಲಾಕ್ಷಿ ಕೇಳಿದಳು. ಆಗ ಆಕೆ ಕೋಲು ಹಿಡಿದು ಓಣಿಯ ತುದಿಯವರೆಗೆ ನಡೆಯುತ್ತಿದ್ದಳು. ಕಾರಿನಲ್ಲಿ ನಾಲ್ಕು ತಾಸಿನ ದಾರಿ.

"ಬಿಸಲು ಭಾಳ ಐತಿ. ಕಾಮಾಲಿ ಪೂರಾ ಇಳೀಲಿ."

ಜೂನಿನಲ್ಲಿ ಮತ್ತೆ ಕೇಳಿದಳು. "ಮಳಿ ಹಿಡದೈತಿ. ಆರಾಮಾದ ಮ್ಯಾಲ ಹೋಗೂಣ" ಅಂದ. ಬಿಸಿಲಿನ ಭಯ ಅಲ್ಲ, ಮಳೆಯ ಭಯವೂ ಅಲ್ಲ. ಹುಮನಾಬಾದಿನ ಮನೆಯಲ್ಲಿ ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರಿಗೂ ವಿಷಯ ಗೊತ್ತಿತ್ತು. ಆಕೆಯ ಸೊರಗಿದ ಮುಖ ಕಂಡು ಯಾರಾದರೂ ಒಬ್ಬರು ಸೆರಗು ಬಾಯಿಗೆ ಹಿಡಿದರೆ ಮುಗಿಯಿತು, ಕಟ್ಟಿದ ಸುಳ್ಳೆಲ್ಲ ಬಯಲಾಗುತ್ತದೆ. ಒಂದು ಸುಳ್ಳಿಗೆ ಕಾವಲು ಕೂರಲು ಅಂಬಣ್ಣ ಹೆಂಡತಿಯನ್ನು ಮನೆಯಲ್ಲೇ ಕೂಡಿಹಾಕಿದ. ಪ್ರೀತಿಯಿಂದಲೇ ಕೂಡಿಹಾಕಿದ, ಅದನ್ನೂ ಹೇಳಬೇಕು. ಆದರೆ ಚಿಲಕ ಚಿಲಕವೇ.

ಜುಲೈ ಕೊನೆಗೆ ಅವನು ಇಪ್ಪತ್ತನಾಲ್ಕು ಕಂತಿನ ಒಂದು ಕತೆ ಪಾಸು ಮಾಡಿದ. ಕೊನೆಯ ಕಂತಿನಲ್ಲಿ ಒಂದು ಹುಡುಗಿ ಹಿಮ ಕರಗಿದ ಹೊಲದಲ್ಲಿ ಓಡುತ್ತಾಳೆ, ದೋಣಿ ನಡೆಸುವ ಅವಳ ಅಣ್ಣ ನಗುತ್ತಾನೆ, ಊರವರೆಲ್ಲ ಸೇರಿ ಊಟ ಮಾಡುತ್ತಾರೆ. ಯಾರೂ ಸಾಯಲಿಲ್ಲ. ಇದಕ್ಕಿಂತ ಒಳ್ಳೆಯ ಮುಕ್ತಾಯ ಉಂಟೇ? "ಕಣ್ಣು ಮುಚ್ಚಿ ನೋಡಬಹುದು" ಅಂತ ಹೆಂಡತಿಗೆ ಹೇಳಿದ.

ಮೂರನೆಯ ಕಂತಿಗೆ ಅವನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಆ ಹುಡುಗಿಗೆ ಮದ್ದಿಲ್ಲದ ರೋಗ. ವೈದ್ಯ ಅಣ್ಣನಿಗೆ ಒಬ್ಬನಿಗೇ ಹೇಳುತ್ತಾನೆ. ಅಣ್ಣ ಒಳಗೆ ಬಂದು, ಚಳಿಗೆ ಹೀಗಾಗಿದೆ, ಹೂ ಬಿಡುವ ಕಾಲಕ್ಕೆ ಸರಿಹೋಗುತ್ತದೆ ಅನ್ನುತ್ತಾನೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅಂಬಣ್ಣ ಟಿವಿ ಬಿಟ್ಟು ಹೆಂಡತಿಯ ಮುಖ ನೋಡತೊಡಗಿದ.

"ಬ್ಯಾರೆ ಹಚ್ಚಲೇನು ವಿಶಾಲಿ? ಇದು ಭಾಳ ಉದ್ದ ಐತಿ."

"ಪಾಸ್ ಮಾಡಿದವರು ನೀವು. ನೋಡೂಣ ಇರ್ರಿ."

ದಿನಕ್ಕೆ ಮೂರು ಕಂತು ನೋಡುತ್ತಿದ್ದವಳು ಎರಡಕ್ಕೆ ಇಳಿದಳು, ಆಮೇಲೆ ಒಂದಕ್ಕೆ. ಹೊಟ್ಟೆ ಊದಿಕೊಂಡಿತು. ಗಂಜಿ ಮಾತ್ರ ಇಳಿಯುತ್ತಿತ್ತು. ಹತ್ತನೆಯ ಕಂತಿನಲ್ಲಿ ಹುಡುಗಿ ದೋಣಿಯಲ್ಲಿ ಕೂತು ಅಣ್ಣನನ್ನು ನೇರ ಕೇಳಿದಳು, ನಾನು ಸಾಯುತ್ತೇನಾ ಅಂತ. ಅಣ್ಣ ಹುಟ್ಟು ಹಾಕುತ್ತಲೇ ಇದ್ದ, ಉತ್ತರ ಕೊಡಲಿಲ್ಲ. ವಿಶಾಲಾಕ್ಷಿ ಆ ದೃಶ್ಯವನ್ನು ಇನ್ನೊಮ್ಮೆ ಹಾಕಿಸಿ ನೋಡಿದಳು.

ಶ್ರಾವಣದ ಒಂದು ಬೆಳಿಗ್ಗೆ ಇಪ್ಪತ್ತನಾಲ್ಕನೆಯದು ಮುಗಿಯಿತು. ಸರೋವರ ಸೀಳಿತು, ಒಳಗಿನಿಂದ ಬಿಳಿ ಹೂವೊಂದು ಎದ್ದಿತು, ಅದನ್ನು ಅರೆದು ಕುಡಿಸಿದರು, ಹುಡುಗಿ ಎದ್ದು ಹೊಲದಲ್ಲಿ ಓಡಿದಳು.

"ರಿಜೆಕ್ಟ್" ಅಂದಳು ವಿಶಾಲಾಕ್ಷಿ.

"ಯಾಕ? ಹುಡುಗಿ ಆರಾಮಾದಳಲ್ಲ."

"ಆಕಿ ಒಂದು ಮಾತು ಕೇಳಿದ್ಲು. ಅಣ್ಣ ಜವಾಬು ಕೊಟ್ಟನೇನು? ಹೂ ಬಂತು, ಅಂವ ಪಾರಾದ. ಹೂ ಬರದಿದ್ದರ?" ಉಸಿರು ಎಳೆದುಕೊಂಡಳು. "ನೀವು ಬರೇ ಕಡೀದು ನೋಡಿ ಹಸಿರು ಚೀಟಿ ಕಟ್ಟೀರಿ. ಇಪ್ಪತ್ಮೂರು ಕಂತು ಆ ಹುಡುಗಿ ಒಬ್ಬಾಕಿನೇ ಅಂಜಿಕೋತ ಕುಂತಿದ್ಲು. ಅದನ್ನ ಯಾರು ನೋಡಬೇಕ್ರಿ?"

ಅಂಬಣ್ಣ ಟಿವಿ ಆರಿಸಿದ.

"ನೀವು ಜನ್ಮದಾಗ ಸುಳ್ಳು ಚೀಟಿ ಕಟ್ಟಿಲ್ಲ. ಹೇಳ್ರಿ ಈಗ. ನಂದು ಕಾಮಾಲಿ ಏನು?"

"ಅಲ್ಲ" ಅಂದ ಅಂಬಣ್ಣ. ಆ ಎರಡಕ್ಷರಕ್ಕೆ ನಾಲ್ಕು ತಿಂಗಳು ಬೇಕಾಯಿತು. ಆಮೇಲೆ ಎಲ್ಲವನ್ನೂ ಹೇಳಿದ. ರೋಗದ ಹೆಸರು ಹೇಳಿದ, ಲಿವರು ಹೇಳಿದ, ಡಾಕ್ಟರು ಕೊಟ್ಟ ಆರು ತಿಂಗಳು ಹೇಳಿದ.

ಆಕೆ ಎದೆ ಒಡೆದುಕೊಳ್ಳಲಿಲ್ಲ, ಅಳಲೂ ಇಲ್ಲ. ಒಂದೇ ಕೇಳಿದಳು. "ಯಾವಾಗಿಂದ ಗೊತ್ತಿತ್ತು?"

"ಯುಗಾದಿಯಿಂದ."

"ಅಂದರ ನಾ ಅಕ್ಕನ ಕಡೆ ಹೋಗೂಣ ಅಂದಾಗ ಗೊತ್ತಿತ್ತು. ಎರಡು ಸಲ ಕೇಳಿದ್ನಿ."

"ಗೊತ್ತಿತ್ತು."

"ಆಗ ನಡೀತಿದ್ನಿ ನಾ" ಅಂದಳು ವಿಶಾಲಾಕ್ಷಿ. ಕೂಗಾಡಿದ್ದರೆ, ಶಪಿಸಿದ್ದರೆ ಅಂಬಣ್ಣ ತಡೆದುಕೊಳ್ಳುತ್ತಿದ್ದನೇನೋ. ಬಸ್ಸು ತಪ್ಪಿದವರು ಹೊತ್ತು ಹೇಳುವ ಹಾಗೆ ಹೇಳಿದಳು. ಅವನು ಆಕೆಯ ಕಾಲು ಹಿಡಿದು ಅತ್ತುಬಿಟ್ಟ. ನಾಳೆಯೇ ಆಂಬುಲೆನ್ಸ್ ಮಾಡುತ್ತೇನೆ, ಮಲಗಿಸಿಕೊಂಡೇ ಕರೆದುಕೊಂಡು ಹೋಗುತ್ತೇನೆ ಅಂದ. ಆಕೆ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ. ಪಟಾನ್‌ಚೆರು ದಾಟೂದ್ರಾಗ ದಾರ್ಯಾಗನ ಜೀವ ಹೋಗ್ತೈತಿ. ರೋಡಿನ ಮ್ಯಾಲ ಬ್ಯಾಡ. ನೀವು ಹೋಗ್ರಿ ಆಮ್ಯಾಲ. ನಾ ಬರ್ತೀನಿ ಅಂದಿದ್ನಿ ಅಂತ ಅಕ್ಕಗ ಹೇಳ್ರಿ. ಯಾಕ ಬರಲಿಲ್ಲ ಅಂತನೂ ಹೇಳ್ರಿ. ಖರೇ ಹೇಳ್ರಿ."

ಮುಂದೆ ಒಂಬತ್ತು ದಿನ ಇದ್ದಳು. ಅವನ ಜೊತೆ ಮಾತು ಬಿಡಲಿಲ್ಲ. ನೀರು ಕೇಳಿದಳು, ಮಗ್ಗುಲು ಬದಲಿಸಿರಿ ಅಂದಳು, ಹರ್ಷದಾ ಬಂದಾಗ ಅವಳ ತಲೆ ನೇವರಿಸಿದಳು. ಟಿವಿ ಹಚ್ಚಲೇ ಅಂದರೆ ಮಾತ್ರ ಬೇಡ ಅನ್ನುತ್ತಿದ್ದಳು. ಹತ್ತನೆಯ ದಿನ ನಸುಕಿಗೆ ಹೋದಳು. ಮಣ್ಣು ಮಾಡಲು ಹುಮನಾಬಾದಿನಿಂದ ಬಸಲಿಂಗಮ್ಮನ ಮಗ ರವಿಕಿರಣ ಒಬ್ಬನೇ ಬಂದಿದ್ದ.

ಹದಿನೈದು ದಿನ ಬಿಟ್ಟು ಅಂಬಣ್ಣ ಹುಮನಾಬಾದಿನ ಬಸ್ಸು ಹತ್ತಿದ. ರವಿಕಿರಣ ಅವನನ್ನು ಮನೆಯ ಹೊರಗೇ ತಡೆದು ನಿಲ್ಲಿಸಿದ.

"ಕಾಕಾ, ಅವ್ವಗ ಇನ್ನಾ ಹೇಳಿಲ್ರಿ. ವಯಸ್ಸಾಗೈತಿ, ತಡಕೊಳ್ಳೂದಿಲ್ಲ. ಚಿಕ್ಕವ್ವ ಆರಾಮದಾಳ ಅಂತ ಅಂದುಬಿಡ್ರಿ. ನಾವೆಲ್ಲಾ ಹಂಗ ಅಂದೀವಿ."

ತನ್ನದೇ ಮಾತು ಇನ್ನೊಬ್ಬನ ಬಾಯಲ್ಲಿ ಎಷ್ಟು ಸಭ್ಯವಾಗಿ ಕೇಳಿಸುತ್ತದೆ! ಅಂಬಣ್ಣ ಅವನನ್ನು ದಾಟಿ ಒಳಗೆ ಹೋದ. ಬಸಲಿಂಗಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಕೂತು ಕೈ ಕೊಟ್ಟ. ಅವಳ ಬೆರಳು ಅವನ ಬೆರಳನ್ನು ಒಂದೊಂದಾಗಿ ಸವರಿತು.

"ಅಂಬಣ್ಣೇನ್ರಿ? ವಿಶಾಲಿ ಎಲ್ಲಿ? ಕರಕೊಂಡು ಬಂದೀರಿಲ್ಲೊ?"

"ವಿಶಾಲಿ ತೀರಿಕೊಂಡ್ಲು ಅಕ್ಕಾ!" ಕಿವಿಗೆ ಬಾಯಿಟ್ಟು ಅರಚಿದ. ರವಿಕಿರಣ ತಲೆ ಹಿಡಿದುಕೊಂಡ. ಒಂದು ಸಲಕ್ಕೆ ಕೇಳಲಿಲ್ಲ, ಎರಡನೆಯ ಸಲಕ್ಕೆ ಕೇಳಿತು. ಮುದುಕಿ ಕಂಬದಿಂದ ಬೆನ್ನು ಬಿಡಿಸಿಕೊಂಡಳು. ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಂಬಣ್ಣ ಅಷ್ಟಕ್ಕೇ ನಿಲ್ಲಿಸಲಿಲ್ಲ, ಮತ್ತೆ ಅರಚಿದ. "ನಿಮ್ಮ ಕಡೆ ಬರ್ತೀನಿ ಅಂದಿದ್ಲು! ಎರಡು ಸಲ ಕೇಳಿದ್ಲು! ನಾ ಕರಕೊಂಡು ಬರಲಿಲ್ಲ!"

"ಯಾಕ?"

ನಾಲ್ಕು ಗೋಡೆಯ ನಡುವೆ ಹೆಂಡತಿಗೆ ಪಿಸುಗುಟ್ಟಿದ್ದರೆ ಸಾಕಾಗುತ್ತಿದ್ದ ಮಾತು. ಓಣಿಯ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ಅಂಬಣ್ಣ ಕುತ್ತಿಗೆಯ ನರ ಉಬ್ಬಿಸಿ, "ನಾ ಅಂಜಿದ್ನಿ!" ಅಂದ. ಕೇಳಲಿಲ್ಲ. "ಖರೇ ಹೇಳಾಕ ಅಂಜಿದ್ನಿ ಅಕ್ಕಾ!" ಬಸಲಿಂಗಮ್ಮ ಕಿವಿಯನ್ನು ಇನ್ನಷ್ಟು ಹತ್ತಿರ ತಂದಳು.

ಮೂರನೆಯ ಸಲಕ್ಕೆ ಅವಳಿಗೆ ಕೇಳಿಸಿತು. ಅವನ ಕೈ ಬಿಟ್ಟಳು.