ಗೋಡೆ ಕುಡಿದ ನೀರು

ನಮ್ಮ ತ್ರಿಪ್ಲಿಕೇನ್ ಮನೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದವನು ಗೇಟಿನ ಬಳಿಯಿದ್ದ ನನ್ನ ಕೊಡವನ್ನೆತ್ತಿ ತನ್ನ ಬಕೆಟ್ಟಿಗೆ ಸುರಿದುಕೊಂಡ. ನೀರಿನ ಲಾರಿಗೆ ಕಾದು, ಜಗಳವಾಡಿ ಹಿಡಿದಿದ್ದ ಕುಡಿಯುವ ನೀರು. ಬೆಳಿಗ್ಗೆ ಅವನದೇ ಪಕ್ಷದ ಇನ್ನೊಂದು ಬಣ ಚುನಾವಣೆಗೆಂದು ಆ ಗೋಡೆಯ ಮೇಲೆ ತನ್ನ ನಾಯಕನ ಹೆಸರು ಬರೆದು ಹೋಗಿತ್ತು. ಇವನು ಅದನ್ನು ಅಳಿಸಿ ತನ್ನ ನಾಯಕನ ಹೆಸರು ಬರೆಯಬೇಕಿತ್ತು. ಗೋಡೆ ನಮ್ಮದಾದರೂ ಎರಡು ಬಣದವರಲ್ಲಿ ಯಾರೂ ನಮ್ಮನ್ನು ಕೇಳಿರಲಿಲ್ಲ.

“ನೀವು ಗೆದ್ರೆ ನೀರಿಗೇನು ಮಾಡ್ತೀರಪ್ಪಾ?” ಎಂದು ತಮಿಳಿನಲ್ಲೇ ಕೇಳಿದೆ.

“ಮೊದ್ಲು ಸೀಟು ಯಾರಿಗೆ ಅಂತ ತೀರ್ಮಾನ ಆಗ್ಲಿ ಮಾಮಿ. ನೀರಿನ ವಿಷಯ ಆಮೇಲೆ ನೋಡೋಣ,” ಅಂದ, ತಿರುಗಿಯೂ ನೋಡದೆ.

ಸಂಜೆ ಮೊದಲಿನ ಬಣದವರೂ ಸುಣ್ಣ ಹಿಡಿದು ವಾಪಸು ಬಂದು ನೀರು ಕೇಳಿದರು.

ಅಂದು ಅನ್ನಕ್ಕಿಡಲೂ ನೀರಿರಲಿಲ್ಲ, ಗೋಡೆ ಮಾತ್ರ ತೊಟ್ಟಿಕ್ಕುತ್ತಿತ್ತು. ಈಗಲೂ ಮತ ಕೇಳುವವರು ಬೀದಿಗೆ ಬಂದರೆ ನಾನು ಮೊದಲು ಕೊಡ ಒಳಗಿಡುತ್ತೇನೆ.